ಮುಳುಗುವ ಚರ್ಚಿನ ಫೋಟೋ: ತಾರೀಖು ಬರೆಯೋರು ಯಾರು?

ಮಳೆ ಹಿಡಿಯಿತೆಂದರೆ ಸಾಕು, ಹಾಸನದ ಬಸ್‌ಸ್ಟ್ಯಾಂಡಿಗೆ ಬಸ್ಸಿಗಿಂತ ಮುಂಚೆ ಶೆಟ್ಟಿಹಳ್ಳಿ ಚರ್ಚು ಬಂದುಬಿಡುತ್ತದೆ. ರಸ್ತೆ ಮೇಲಲ್ಲ, ಮೊಬೈಲ್ ಮೇಲೆ. ಕುತ್ತಿಗೆಮಟ್ಟ ನೀರು, ನೀರಿನ ಮೇಲೆ ಮುರಿದ ಕಮಾನು, ಅದರ ಕೆಳಗೆ ತಲೆಕೆಳಗಾಗಿ ಅದೇ ಕಮಾನು, ಹಿಂದೆ ಕೆಂಪು ಆಕಾಶ. ಒಬ್ಬರು ಹತ್ತು ವಾಟ್ಸಾಪ್ ಗುಂಪಿಗೆ ಕಳಿಸುತ್ತಾರೆ, ಹತ್ತು ಜನ ನೂರಕ್ಕೆ ದಾಟಿಸುತ್ತಾರೆ. ‘ಸೂಪರ್’, ‘ಅದ್ಭುತ’, ‘ಫಾರಿನ್ ಥರಾ ಇದೆ ಕಣ್ರೀ’ ಎಂಬ ಹೊಗಳಿಕೆ ಸಾಲುಸಾಲು. ನಡುವೆ ಯಾರೋ ಪಾಪದವರು ಕೇಳಿರುತ್ತಾರೆ: ‘ಯಾವಾಗ ತೆಗೆದಿದ್ದು ಸಾರ್ ಇದು?’

ಆ ಒಂದು ಪ್ರಶ್ನೆಗೆ ಮಾತ್ರ ಉತ್ತರ ಬರುವುದಿಲ್ಲ. ಕಳಿಸಿದವರಿಗೂ ಗೊತ್ತಿರುವುದಿಲ್ಲ. ಅವರಿಗೂ ಇನ್ಯಾರೋ ಕಳಿಸಿದ್ದು!

ಇಲ್ಲೇ ಇರೋದು ತಕರಾರು. ಫೋಟೋ ಹುಚ್ಚು ಕೆಟ್ಟದ್ದೇನಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಬೈಕ್ ತುಳಿದು, ಕೆಸರಿನಲ್ಲಿ ಮೊಣಕಾಲೂರಿ ಕೂತು ಒಂದು ಚಿತ್ರಕ್ಕಾಗಿ ಕಾಯುವ ಹುಡುಗರ ಬಗ್ಗೆ ಯಾರೂ ಹಗುರವಾಗಿ ಮಾತಾಡಬಾರದು. ಇಸ್ಪೀಟು ಆಡುವುದಕ್ಕಿಂತ ಎಷ್ಟೋ ವಾಸಿ. ತೆಗೆದ ಚಿತ್ರವನ್ನು ತನ್ನಂಥ ಹತ್ತು ಹವ್ಯಾಸಿಗಳಿಗೆ ತೋರಿಸಿ ‘ಹೇಗಿದೆ ಹೇಳ್ರಪ್ಪಾ’ ಎನ್ನುವುದೂ ಸಹಜವೇ. ಆದರೆ ಎಲ್ಲಿ, ಯಾವತ್ತು, ಯಾರು ಎಂಬ ಮೂರು ಮಾತನ್ನು ಕಿತ್ತುಹಾಕಿ ಬರಿಯ ಚಿತ್ರವನ್ನು ಊರ ಮೇಲೆ ಬಿಟ್ಟರೆ ಅದು ವಿಳಾಸವಿಲ್ಲದ ಕಾಗದ. ನೋಡಿದವರಿಗೂ ಮೋಸ, ತೆಗೆದವನಿಗೂ ಮೋಸ. ಎಲ್ಲಕ್ಕಿಂತ ಹೆಚ್ಚಿನ ಮೋಸ ಆಗುತ್ತಿರುವುದು ಆ ಚರ್ಚಿಗೆ.

ನೋಡುವವರ ಪಾಡು ಕೇಳಿ. ಬೆಂಗಳೂರಿನಿಂದ ಹೆಂಡತಿ ಮಕ್ಕಳನ್ನು ಕಾರಿಗೆ ತುಂಬಿಕೊಂಡು ಏಪ್ರಿಲ್ ತಿಂಗಳಲ್ಲಿ ಬಂದಿಳಿದ ಮಹಾಶಯರಿಗೆ ಅಲ್ಲಿ ಸಿಗುವುದು ಬಿರುಕು ಬಿಟ್ಟ ನೆಲ, ಮೇಯುವ ದನ, ನಡುವೆ ಮಾಡಿಲ್ಲದ ಗೋಡೆಗಳು. ‘ನೀರೆಲ್ರೀ?’ ಎಂದು ದನ ಕಾಯುವವನನ್ನು ಕೇಳಿದರೆ ಅವನೇನು ಹೇಳಬೇಕು? ನೀರು ಹೇಮಾವತಿಯದು. ಅದು ಮಳೆ ಬಂದಾಗ ಬರುತ್ತದೆ, ನಾಲೆಗೆ ಬಿಟ್ಟಾಗ ಹೋಗುತ್ತದೆ. ಫೋಟೋ ಕೆಳಗೆ ‘ಆಗಸ್ಟ್’ ಅಂತ ಮೂರು ಅಕ್ಷರ ಇದ್ದಿದ್ದರೆ ಕಾರಿನ ಪೆಟ್ರೋಲೂ ಉಳಿಯುತ್ತಿತ್ತು, ಮನೆಯವರ ಮುನಿಸೂ ತಪ್ಪುತ್ತಿತ್ತು. ಬೇಸಿಗೆಯಲ್ಲಿ ಹೋಗಬಾರದೆಂದಲ್ಲ. ಒಳಗೆ ನಡೆದಾಡಿ ಗೋಡೆ ಕಮಾನು ನೋಡಬೇಕಾದರೆ ಬೇಸಿಗೆಯೇ ಸರಿ. ಏನು ಸಿಗುತ್ತದೆಂದು ಮೊದಲೇ ಗೊತ್ತಿರಬೇಕು, ಅಷ್ಟೆ.

ಚಿತ್ರದಲ್ಲಿ ಕಾಣದ ಊರು

ಈ ರೋಸರಿ ಚರ್ಚನ್ನು ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು 1860ರ ಸುಮಾರಿಗೆ. ಗೋಥಿಕ್ ಶೈಲಿಯ ಎತ್ತರದ ಕಮಾನು, ಇಟ್ಟಿಗೆ ಗಾರೆಯ ಗೋಡೆ. ಸುತ್ತ ಊರಿತ್ತು, ಹೊಲವಿತ್ತು, ಭಾನುವಾರ ಬಲಿಪೂಜೆ ಇತ್ತು, ಮದುವೆ ಜ್ಞಾನಸ್ನಾನಗಳು ನಡೆಯುತ್ತಿದ್ದವು. ಗೊರೂರಿನ ಹತ್ತಿರ ಹೇಮಾವತಿಗೆ ಅಡ್ಡಲಾಗಿ ಕಟ್ಟೆ ಎದ್ದು 1979ರಲ್ಲಿ ಪೂರ್ತಿಯಾಯಿತು. ಗರಿಷ್ಠ ಮಟ್ಟ 2922 ಅಡಿ, ಹಿಡಿಯುವ ನೀರು 37 ಟಿಎಂಸಿ ಚಿಲ್ಲರೆ. ಆ ನೀರು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲ ಹಸಿರು ಮಾಡಿತು ಎಂಬುದೂ ನಿಜ. ಹಿನ್ನೀರಿನ ಹಳ್ಳಿಗಳವರು ಗಂಟುಮೂಟೆ ಕಟ್ಟಿದರು ಎಂಬುದೂ ಅಷ್ಟೇ ನಿಜ.

ಮೊಬೈಲಿನಲ್ಲಿ ಹರಿದಾಡುವ ಚಿತ್ರದಲ್ಲಿ ಈ ಎರಡನೇ ನಿಜ ಎಲ್ಲಿದೆ? ಅಲ್ಲಿರುವುದು ಬರೀ ಸೊಬಗು. ‘ತೇಲುವ ಚರ್ಚ್’ ಎಂದು ಹೆಸರು ಬೇರೆ! ತೇಲುತ್ತಿಲ್ಲ ಸ್ವಾಮಿ, ಮುಳುಗುತ್ತಿದೆ. ಮುಳುಗಿಸಿದ್ದು ಜನಕ್ಕೆ ಬೇಕಾಗಿದ್ದ ನೀರು. ಅದನ್ನು ಹೇಳಿದರೆ ಚಿತ್ರದ ಅಂದವೇನೂ ಕಡಿಮೆಯಾಗುವುದಿಲ್ಲ. ನೋಡಿದವರು ಒಂದು ಗಳಿಗೆ ಹೆಚ್ಚಿಗೆ ನೋಡುತ್ತಾರೆ. ಅದೇ ಗೊರೂರಿನ ರಾಮಸ್ವಾಮಿ ಅಯ್ಯಂಗಾರರು ಕ್ಯಾಮೆರಾ ಹಿಡಿಯದೇ ‘ಹಳ್ಳಿಯ ಚಿತ್ರಗಳು’ ಬರೆದರು. ಅದರಲ್ಲಿ ಯಾವ ಊರು, ಯಾರ ಮನೆ ಅಂತ ಓದುಗ ಪರದಾಡಬೇಕಾಗಿಲ್ಲ.

ಕೌತುಕದ ಫೋಟೋ ತೆಗೆದು ನಾಲ್ಕು ಜನಕ್ಕೆ ತೋರಿಸುವ ಚಟ ಹಾಸನ ಸೀಮೆಗೆ ಹೊಸದೂ ಅಲ್ಲ. ಚರ್ಚು ಏಳುವುದಕ್ಕೂ ಮುಂಚೆ, 1854ರ ಡಿಸೆಂಬರ್‌ನಲ್ಲಿ, ಲಿನೇಯಸ್ ಟ್ರೈಪ್ ಎಂಬ ಕಂಪನಿ ಸರ್ಕಾರದ ಫೌಜಿನ ಕ್ಯಾಪ್ಟನ್ ಬೇಲೂರು ಹಳೇಬೀಡಿಗೆ ಬಂದು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ದೇವಸ್ಥಾನಗಳನ್ನು ಹಿಡಿದ. ಅವನ ಚಿತ್ರಗಳು 1855ರ ಮದರಾಸು ಪ್ರದರ್ಶನದಲ್ಲಿ ಪದಕ ಗಳಿಸಿದವು. ಅದರ ಬೆನ್ನಿಗೆ ರಿಚರ್ಡ್ ಬ್ಯಾನರ್ ಓಕ್ಲಿ ಎಂಬುವನು ಹಳೇಬೀಡಿನ ಒಂದೇ ಗುಡಿಯನ್ನು 56 ಫೋಟೋಗಳಲ್ಲಿ ತೆಗೆದು 1859ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಮಾಡಿಸಿದ. ಹಳೇಬೀಡು, ಬೇಲೂರು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವಲ್ಲ, ಅದೇ ಗುಡಿ! ಆ ಕಾಲದಲ್ಲಿ ಯಾವ ಮೂಲೆಯ ಕಲ್ಲು ಹೇಗಿತ್ತು ಎಂದು ಇವತ್ತು ಹೋಲಿಸಿ ನೋಡಲು ಸಾಧ್ಯವಾಗಿರುವುದು ಯಾತರಿಂದ? ಚಿತ್ರ ಚೆನ್ನಾಗಿದ್ದುದರಿಂದ ಮಾತ್ರವಲ್ಲ. ಇದು ಇಂಥ ಗುಡಿ, ಇಂಥ ದಿಕ್ಕು, ಇಂಥ ವರ್ಷ ಎಂಬ ಬರವಣಿಗೆ ಚಿತ್ರದ ಜೊತೆಗೇ ಉಳಿದುಬಂದದ್ದರಿಂದ.

ಆಮೇಲಿನ ಹವ್ಯಾಸಿಗಳೂ ಹಾಗೇ ಇದ್ದರು. ಬೆಂಗಳೂರಿನ ಡಾ. ಜಿ. ಥಾಮಸ್ 1950ರ ದಶಕದಲ್ಲಿ ದೇಶದ ಛಾಯಾಗ್ರಾಹಕರ ಒಕ್ಕೂಟ ಕಟ್ಟಲು ಓಡಾಡಿದವರು. 1971ರಲ್ಲಿ ಅದೇ ಊರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಕಾಡು ಸುತ್ತಿ ತೆಗೆದ ಚಿತ್ರಗಳು ಅಂಚೆಯಲ್ಲಿ ದೇಶ ವಿದೇಶದ ಸಲೂನುಗಳಿಗೆ ಹೋದವು. ಸಲೂನ್ ಅಂದರೆ ಕ್ಷೌರದಂಗಡಿ ಅಲ್ಲ, ಫೋಟೋ ಸ್ಪರ್ಧೆ. ಆ ದೊಡ್ಡ ಪ್ರಿಂಟುಗಳನ್ನು ಮಗುಚಿ ನೋಡಿದರೆ ಹಿಂಬದಿಯಲ್ಲಿ ಚಿತ್ರದ ಹೆಸರು, ತೆಗೆದವರ ಹೆಸರು, ಹೋಗಿಬಂದ ಸಲೂನುಗಳ ಚೀಟಿಗಳು. ಮುಂದುಗಡೆಗಿಂತ ಹಿಂದುಗಡೆಯೇ ಓದಲು ಸ್ವಾರಸ್ಯ! ಕೂಟದಲ್ಲಿ ಚಿತ್ರ ಇಟ್ಟವನು ಎದ್ದು ನಿಂತು, ಯಾವ ಲೆನ್ಸು, ಎಷ್ಟು ಹೊತ್ತಿನ ಬೆಳಕು ಎಂದೆಲ್ಲ ಹಿರಿಯರ ಪ್ರಶ್ನೆಗೆ ಉತ್ತರ ಹೇಳಬೇಕಿತ್ತು. ಬೈಸಿಕೊಂಡೂ ಕಲಿಯುತ್ತಿದ್ದರು.

ಈಗ ಫೋಟೋಗೆ ಹಿಂಬದಿಯೇ ಇಲ್ಲ ಅಂದುಕೊಂಡರೆ ಅದೂ ತಪ್ಪು. ಮೊಬೈಲ್ ಆಗಲಿ ದೊಡ್ಡ ಕ್ಯಾಮೆರಾ ಆಗಲಿ, ಗುಂಡಿ ಒತ್ತಿದ ಕೂಡಲೇ ತಾರೀಖು, ಗಂಟೆ, ಲೆನ್ಸಿನ ವಿವರ, ಅನುಮತಿ ಕೊಟ್ಟಿದ್ದರೆ ಜಾಗದ ಗುರುತನ್ನೂ ಚಿತ್ರದ ಫೈಲಿನೊಳಗೆ ತಾನೇ ಬರೆದಿಡುತ್ತದೆ. ಆದರೆ ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಫೋಟೋ ಕಳಿಸಿದಾಗ ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡಿ, ಈ ಬರವಣಿಗೆಯನ್ನೆಲ್ಲ ಉದುರಿಸಿಬಿಡುತ್ತದೆ. ಅದೇ ಚಿತ್ರವನ್ನು ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ಇದ್ದದ್ದು ಇದ್ದಹಾಗೇ ಹೋಗುತ್ತದೆ. ಇಷ್ಟು ಸಣ್ಣ ಸಂಗತಿ ಎಷ್ಟೋ ಹವ್ಯಾಸಿಗಳಿಗೇ ಗೊತ್ತಿಲ್ಲ. ಗೊತ್ತಿರುವವರಿಗೆ ಪುರುಸೊತ್ತಿಲ್ಲ. ಅದಕ್ಕೇ ಹೇಳುವುದು, ಯಂತ್ರವನ್ನು ನಂಬಿ ಕೂರುವ ಬದಲು ಚಿತ್ರದ ಕೆಳಗೆ ಕೈಯಾರೆ ಒಂದು ಸಾಲು ಬರೆಯುವುದೇ ವಾಸಿ ಅಂತ.

ಬರೆಯದೇ ಹೋದ ಜಾಗದಲ್ಲಿ ಸುಳ್ಳು ಬಂದು ಕೂರುತ್ತದೆ. ಚರ್ಚಿನ ಗೋಡೆಗಿಂತ ದೊಡ್ಡ ಹುಣ್ಣಿಮೆ ಚಂದ್ರ ಕಮಾನಿನ ಹಿಂದೆ ಬಂದರೆ ಜನ ಬಾಯಿಬಿಟ್ಟು ನೋಡುತ್ತಾರೆ. ಇದನ್ನು ಪರೀಕ್ಷೆ ಮಾಡಲು ದೊಡ್ಡ ವಿದ್ಯೆ ಬೇಡ. ಚಂದ್ರ ಕಣ್ಣಿಗೆ ಕಾಣುವುದು ಅರ್ಧ ಡಿಗ್ರಿ ಅಗಲ. ಚಾಚಿದ ಕೈಯ ಕಿರುಬೆರಳು ಅಡ್ಡ ಹಿಡಿದರೆ ಪೂರ್ತಿ ಮುಚ್ಚಿಹೋಗುತ್ತಾನೆ. 30 ಅಡಿ ಅಗಲದ ಗೋಡೆಯೊಂದು ಚಂದ್ರನಷ್ಟೇ ಅಗಲ ಕಾಣಬೇಕಾದರೆ ಕ್ಯಾಮೆರಾದವನು ಒಂದು ಕಿಲೋಮೀಟರಿಗೂ ದೂರ ಹೋಗಿ ದೂರದರ್ಶಕ ಲೆನ್ಸ್ ಹಾಕಬೇಕು. ಅಂಥ ಚಿತ್ರ ನಿಜವಾಗಿ ತೆಗೆಯುವವರೂ ಇದ್ದಾರೆ. ಲೆಕ್ಕ ಹಾಕಿ, ತಿಂಗಳುಗಟ್ಟಲೆ ಕಾದು ತೆಗೆಯುತ್ತಾರೆ. ಆದರೆ ಚಿತ್ರದಲ್ಲಿ ಕಾಲ ಬುಡದ ಹುಲ್ಲುಕಡ್ಡಿಯೂ ದೊಡ್ಡದಾಗಿ ಕಂಡು, ಹಿಂದೆ ಚಂದ್ರನೂ ಗೋಡೆಯಷ್ಟೇ ದೊಡ್ಡದಾಗಿ ಕಂಡರೆ, ಅದು ಕೂತಲ್ಲೇ ಅಂಟಿಸಿದ ಚಂದ್ರ ಎಂದು ತಿಳಿಯಬಹುದು. ಈಚೆಗಂತೂ ಶೆಟ್ಟಿಹಳ್ಳಿ ಯಾವ ದಿಕ್ಕಿಗಿದೆ ಅಂತ ಗೊತ್ತಿಲ್ಲದವನೂ ಮನೆಯಲ್ಲೇ ಕೂತು ಎರಡು ಸಾಲು ಟೈಪ್ ಮಾಡಿದರೆ ಕೃತಕ ಬುದ್ಧಿಯ ಯಂತ್ರ ಹಿಮ ಸುರಿಯುವ ಚರ್ಚನ್ನೇ ಬರೆದುಕೊಡುತ್ತದೆ. ಹಾಸನದಲ್ಲಿ ಹಿಮ! ಬರೆದವನು ಬರೆದುಕೊಳ್ಳಲಿ, ‘ಇದು ಮಾಡಿದ ಚಿತ್ರ’ ಅಂತ ಹೇಳಿದರೆ ಯಾರದೂ ಅಡ್ಡಿಯಿಲ್ಲ. ಕೆಸರಿನಲ್ಲಿ ಕೂತು ತೆಗೆದವನ ಚಿತ್ರದ ಜೊತೆ ಅದನ್ನೂ ಒಂದೇ ತಕ್ಕಡಿಗೆ ಹಾಕಿ ‘ಸೂಪರ್’ ಎನ್ನುವುದು ಅನ್ಯಾಯ.

ಯಾವ ಕಮಾನು ಯಾವ ವರ್ಷ ಬಿತ್ತು?

ಈಗ ದೊಡ್ಡ ನಷ್ಟದ ವಿಚಾರ. ಈ ಕಟ್ಟಡ ನಲವತ್ತೈದಕ್ಕೂ ಹೆಚ್ಚು ಮಳೆಗಾಲ ಕಂಡಿದೆ. ನೀರು ಏರಿದಾಗ ಗೋಡೆ ನೀರು ಕುಡಿಯುತ್ತದೆ, ಇಳಿದಾಗ ಬಿಸಿಲಿಗೆ ಒಣಗುತ್ತದೆ. ಒಣಗುವಾಗ ಒಳಗಿನ ಉಪ್ಪಿನಂಶ ಹರಳುಗಟ್ಟಿ ಗಾರೆಯನ್ನು ಒಡೆಯುತ್ತದೆ. ಅಲೆ ಬಡಿಯುವ ಮಟ್ಟದಲ್ಲಿ ಇಟ್ಟಿಗೆಯ ಸಂದಿ ಸವೆಯುತ್ತದೆ. ಸಂದಿಯಲ್ಲಿ ಬೇರು ಇಳಿದರೆ ಮುಗಿಯಿತು. ಮೇಲಿಂದ ‘ರಾಜು ಲವ್ಸ್’ ಎಂದು ಕೆತ್ತುವ ಪುಣ್ಯಾತ್ಮರು, ಮದುವೆ ಮುಂಚಿನ ಫೋಟೋಗೆಂದು ಸಡಿಲ ಗೋಡೆ ಹತ್ತುವ ಜೋಡಿಗಳು. ಬಿದ್ದರೆ ಜೋಡಿಗೂ ಅಪಾಯ, ಗೋಡೆಗೂ ಅಪಾಯ.

ಸರಿ, ಯಾವ ಕಮಾನು ಯಾವ ವರ್ಷ ಬಿತ್ತು? ಯಾವ ಕಡೆ ಗೋಡೆ ಎಷ್ಟು ಬೇಗ ಸವೆಯುತ್ತಿದೆ? ಉಳಿಸಬೇಕೆಂದು ನಾಳೆ ಯಾರಾದರೂ ಎಂಜಿನಿಯರು ಬಂದರೆ ಮೊದಲು ಕೇಳುವ ಪ್ರಶ್ನೆ ಇದೇ. ಜಿಲ್ಲೆಯಲ್ಲಿ ಇಷ್ಟೊಂದು ಸಲ ಫೋಟೋ ತೆಗೆಸಿಕೊಂಡ ಹಾಳು ಕಟ್ಟಡ ಬೇರೊಂದಿರಲಾರದು. ಅಷ್ಟು ಚಿತ್ರವಿದ್ದೂ ಉತ್ತರ ಹೇಳುವವರಿಲ್ಲ. ಯಾಕೆಂದರೆ ಕೈಯಿಂದ ಕೈಗೆ ದಾಟಿದ ಚಿತ್ರಕ್ಕೆ ತಾರೀಖಿಲ್ಲ. ತಾರೀಖಿಲ್ಲದ ನೂರು ಚಿತ್ರಕ್ಕಿಂತ ತಾರೀಖಿರುವ ನಾಲ್ಕು ಚಿತ್ರ ಮೇಲು. ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿಗೆ, ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು, ನೀರು ತುಂಬಿದಾಗ ಒಂದು ತೆಗೆದಿಟ್ಟಿದ್ದರೆ ಸಾಕಿತ್ತು. ಬೇರೆ ದೇಶಗಳಲ್ಲಿ ಹಿಮನದಿ ಕರಗುವುದನ್ನು ವಿಜ್ಞಾನಿಗಳು ಅಳೆದದ್ದು ಇಂಥದೇ ಹಳೇ ಚಿತ್ರ ಹೊಸ ಚಿತ್ರಗಳ ಜೋಡಿಯಿಂದ. ಖರ್ಚಿಲ್ಲದ ಕೆಲಸ. ಹವ್ಯಾಸಿಗಳು ಹೇಗೂ ಹೋಗುತ್ತಲೇ ಇರುತ್ತಾರೆ.

ಇನ್ನೂ ಒಂದು ಅನುಕೂಲವಿದೆ. ಗೊರೂರು ಜಲಾಶಯದ ನೀರಿನ ಮಟ್ಟ ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಅಂಗಡಿಯವರು ಬೆಲ್ಲದ ಧಾರಣೆ ನೋಡುವಷ್ಟೇ ಆಸೆಯಿಂದ ರೈತರು ಅದನ್ನು ನೋಡುತ್ತಾರೆ. ಫೋಟೋಗೆ ತಾರೀಖು ಇದ್ದರೆ ಆವತ್ತಿನ ಮಟ್ಟ ಎಷ್ಟಡಿ ಎಂದು ಯಾರು ಬೇಕಾದರೂ ಹುಡುಕಿ ಪಕ್ಕದಲ್ಲಿ ಬರೆಯಬಹುದು. ಇಷ್ಟು ಅಡಿಗೆ ಹೊಸಿಲು, ಇಷ್ಟು ಅಡಿಗೆ ಕಿಟಕಿ, ಇಷ್ಟು ಅಡಿಗೆ ಕಮಾನಿನ ನೆತ್ತಿ ಎಂದು ಒಂದು ಪಟ್ಟಿಯೇ ತಯಾರಾಗುತ್ತದೆ. ಆಮೇಲೆ ಬೆಂಗಳೂರಿನ ಕಾರಿನವರೂ ಪೇಪರ್ ನೋಡಿ ಹೊರಡಬಹುದು.

‘ಅಯ್ಯೋ, ನಾವು ಖುಷಿಗೆ ಫೋಟೋ ತೆಗೀತೀವಿ, ನಮಗ್ಯಾಕೆ ಪಟೇಲರ ರಿಜಿಸ್ಟ್ರು?’ ಎಂದು ಮೂಗು ಮುರಿಯುವ ಹುಡುಗರಿದ್ದಾರೆ. ಖುಷಿಗೇ ತೆಗೀಲಿ. ಬೆಳಿಗ್ಗೆ ಆರೂವರೆಯ ಚಿನ್ನದ ಬಣ್ಣವನ್ನು ಹಿಡಿಯಲಿ, ನೀರು ಹೊಗೆಯಂತೆ ಕಾಣಲಿ ಎಂದು ಕಪ್ಪು ಗಾಜಿನ ಫಿಲ್ಟರ್ ಹಾಕಿ ಅರ್ಧ ನಿಮಿಷ ಬೆಳಕು ಬಿಡಲಿ. ಕೆಳಗೆ ಒಂದು ಸಾಲು ಬರೆದರೆ ಚಿನ್ನವೇನೂ ಹಿತ್ತಾಳೆಯಾಗುವುದಿಲ್ಲ.

ಇನ್ನೊಂದು ಆಕ್ಷೇಪಣೆಗೆ ಮಾತ್ರ ತೂಕವಿದೆ. ಜಾಗ ಹೇಳಿದರೆ ಜನ ಮುಗಿಬೀಳುತ್ತಾರೆ, ಜಾಗ ಹಾಳಾಗುತ್ತದೆ ಎಂಬುದು. ಹಕ್ಕಿ ಗೂಡಿನ ವಿಚಾರದಲ್ಲಿ, ಕಾಡುಪಾಪದಂಥ ಬಡಪಾಯಿ ಪ್ರಾಣಿಯ ವಿಚಾರದಲ್ಲಿ ಈ ಮಾತು ನೂರಕ್ಕೆ ನೂರು ಸರಿ. ಅಲ್ಲಿ ಜಾಗ ಗುಟ್ಟಾಗಿಯೇ ಇರಲಿ, ತಾರೀಖು ಸಾಕು. ಗೂಡಿನ ಎದುರು ಹತ್ತು ಲೆನ್ಸು ನಿಂತರೆ ತಾಯಿ ಹಕ್ಕಿ ಗೂಡು ಬಿಟ್ಟು ಹೋಗಬಹುದು, ಮೊಟ್ಟೆ ಕೆಡಬಹುದು. ಆದರೆ ಶೆಟ್ಟಿಹಳ್ಳಿ ಚರ್ಚಿನ ಜಾಗ ಯಾವ ಕಾಲದಿಂದಲೋ ಊರಿಗೆಲ್ಲ ಗೊತ್ತು. ಗುಟ್ಟು ಮಾಡಿ ಉಳಿಸುವುದಕ್ಕೆ ಅಲ್ಲಿ ಏನೂ ಬಾಕಿಯಿಲ್ಲ. ಬಂದವರಿಗೆ ಗೋಡೆ ಹತ್ತಬೇಡಿ, ಕೆಸರಿನಲ್ಲಿ ಕಾಲು ಹೂಳುತ್ತದೆ, ಈಜು ಬಾರದವರು ನೀರಿಗಿಳಿಯಬೇಡಿ ಎಂದು ಚಿತ್ರದ ಜೊತೆಗೇ ಹೇಳುವುದು ಲೇಸು.

ಅಂಗಡಿಯವರ ಪಾಲೂ ಇದೆ

ಇದರಲ್ಲಿ ಪೇಟೆಯವರೂ ಸಾಚಾ ಅಲ್ಲ. ಹೊಸ ವರ್ಷದ ಕ್ಯಾಲೆಂಡರು, ಬೇಕರಿಯ ಗೋಡೆ, ಹೋಂಸ್ಟೇ ಬೋರ್ಡು, ಟ್ರಾವೆಲ್ಸ್ ಫ್ಲೆಕ್ಸು, ಎಲ್ಲದಕ್ಕೂ ಮೊಬೈಲಿಗೆ ಬಂದ ಚಿತ್ರವೇ ಬಂಡವಾಳ. ‘ವಾಟ್ಸಾಪಲ್ಲಿ ಬಂತು, ಹಾಕ್ಕೊಂಡ್ವಿ’ ಎಂದುಬಿಡುತ್ತಾರೆ. ಪಕ್ಕದ ಅಂಗಡಿಯ ಮುಂದೆ ಇಳಿಸಿದ ಸಕ್ಕರೆ ಮೂಟೆಯನ್ನು ‘ರಸ್ತೇಲಿ ಇತ್ತು, ತಗೊಂಡ್ವಿ’ ಅಂದರೆ ಇದೇ ಯಜಮಾನರು ಸುಮ್ಮನಿರುತ್ತಾರೆಯೇ? 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ತನ್ನ ಖುಷಿಗೆ ತೆಗೆದ ಚಿತ್ರ ತೆಗೆದವನದೇ ಸೊತ್ತು. ಎಲ್ಲೂ ನೋಂದಾಯಿಸಬೇಕಾಗಿಲ್ಲ. 2012ರ ತಿದ್ದುಪಡಿಯ ಮೇಲೆ ಈ ಹಕ್ಕು ಅವನ ಜೀವಮಾನ ಮತ್ತು ಆನಂತರದ 60 ವರ್ಷ ಇರುತ್ತದೆ. ಚಿತ್ರದ ಮೇಲೆ ತನ್ನ ಹೆಸರು ಹಾಕಿ ಎಂದು ಕೇಳುವ ಹಕ್ಕೂ ಅವನದೇ. ಹೆಸರು ಹಾಕಿ, ಕೇಳಿ ಒಂದಿಷ್ಟು ದುಡ್ಡು ಕೊಟ್ಟರೆ ಹಾಸನದ ಹುಡುಗನೊಬ್ಬನಿಗೆ ಲೆನ್ಸಿನ ಕಂತು ಕಟ್ಟಲು ಆದೀತು. ಹೆಸರೇ ಇಲ್ಲದೆ ಸುತ್ತುವ ಚಿತ್ರಕ್ಕೆ ದುಡ್ಡು ಕೊಡಬೇಕೆಂದರೂ ಯಾರಿಗೆ ಕೊಡುವುದು? ಮತ್ತೆ ಅದೇ ಮಾತಿಗೆ ಬಂತು.

ಇಷ್ಟೆಲ್ಲ ಚಿತ್ರಗಳ ನಡುವೆ ಯಾರೂ ಹಂಚಿಕೊಳ್ಳದ ಚಿತ್ರಗಳು ಕೆಲವು ಇರಬೇಕು. ಚರ್ಚಿಗೆ ಮಾಡು ಇದ್ದಾಗಿನವು. ಹೊಸಿಲ ಮುಂದೆ ನಿಂತ ಮದುಮಕ್ಕಳು, ಬಿಳಿ ಲಂಗ ತೊಟ್ಟ ಹುಡುಗಿಯರು, ಪಾದ್ರಿಗಳ ಸುತ್ತ ನೆರೆದ ಊರವರು. ಊರು ಬಿಟ್ಟು ಹೋದವರ ಮನೆಗಳಲ್ಲಿ, ಟ್ರಂಕಿನ ತಳದಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟು. ಆ ಕಾಲದಲ್ಲಿ ಹಳ್ಳಿಗೆ ಫೋಟೋದವನು ಬರುತ್ತಿದ್ದದ್ದೇ ಅಪರೂಪ, ಆದ್ದರಿಂದ ಬಹಳ ಇರಲಾರವು. ಪೇಟೆಯ ಹಳೇ ಸ್ಟುಡಿಯೋಗಳ ನೆಗೆಟಿವ್ ಡಬ್ಬಗಳಲ್ಲೂ ಇರಬಹುದು. ಅವು ಅಂಗಡಿ ಮುಚ್ಚಿದ ದಿನ ಗುಜರಿ ತಕ್ಕಡಿಗೆ ಬೀಳುವಂಥವು. ಇವತ್ತಿನ ಕೌತುಕದ ಚಿತ್ರಗಳೆಲ್ಲ ಹಾಳು ಗೋಡೆಯವು. ಆ ಹಳೆಯವು ಊರಿನವು. ನಿಜವಾಗಿ ಅಪರೂಪದ್ದು ಯಾವುದು?

ಹಾಳು ಗೋಡೆಗೆ ಲೆನ್ಸ್ ಹಿಡಿದು ಕೂರುವ ಹವ್ಯಾಸಿಗಳು ಒಂದು ಭಾನುವಾರ ಈ ಮನೆಗಳ ಬಾಗಿಲು ತಟ್ಟಿದರೆ ಹೇಗೆ? ‘ಅಜ್ಜಿ, ಹಳೇ ಫೋಟೋ ಏನಾದ್ರೂ ಇದೆಯಾ?’ ಎಂದು ಕೇಳಲು ದೊಡ್ಡ ಕ್ಯಾಮೆರಾ ಬೇಡ. ಫೋಟೋದಲ್ಲಿ ಇರುವವರ ಹೆಸರು ಹೇಳಬಲ್ಲವರಿಗೆ ವಯಸ್ಸಾಗಿದೆ. ಕಟ್ಟೆ ಪೂರ್ತಿಯಾದಾಗ ಇಪ್ಪತ್ತು ವರ್ಷ ಇದ್ದವರಿಗೆ ಈಗ ಅರವತ್ತೈದು ದಾಟಿದೆ. ಇನ್ನೂ ತಡ ಮಾಡಿದರೆ ಈ ಚಿತ್ರಗಳೂ ‘ಯಾವಾಗ ತೆಗೆದಿದ್ದು, ಯಾರಿದು?’ ಎಂಬ ಸಾಲಿಗೇ ಸೇರುತ್ತವೆ.

ಹೋದವರು ಒಂದೆರಡು ವಿಚಾರ ಗಮನದಲ್ಲಿಟ್ಟುಕೊಂಡರೆ ಸಾಕು. ಫೋಟೋವನ್ನು ಮನೆಗೆ ಒಯ್ಯುವುದು ಬೇಡ, ಅಲ್ಲೇ ಜಗುಲಿಯ ನೆರಳಿನಲ್ಲಿ ಮೊಬೈಲಿನಲ್ಲಿ ತೆಗೆದುಕೊಂಡು ಕೈಗೆ ವಾಪಸು ಕೊಡಬೇಕು. ಹೊರಗೆ ಹಂಚಬಹುದೇ ಎಂದು ಮನೆಯವರನ್ನು ಕೇಳಬೇಕು. ಮತ್ತೆ, ಮುಂದುಗಡೆ ತೆಗೆದ ಮೇಲೆ ಮಗುಚಿ ಹಿಂಬದಿಯದ್ದೂ ಒಂದು ತೆಗೆದುಕೊಳ್ಳಬೇಕು. ಆ ಕಾಲದವರು ಅಲ್ಲಿ ಪೆನ್ಸಿಲಿನಲ್ಲಿ ತಾರೀಖು ಬರೆದಿರುತ್ತಾರೆ.